ಮರೆ

ಹೈದರಾಬಾದಿನ ರಾತ್ರಿ ಬಸ್ಸಿಳಿದು
ಮೈದುನ ಓಬಳೇಶ ತಂದಿದ್ದು ಎರಡು ಡಬ್ಬಿ.
ತೂತು ಕೊರೆದ ಮುಚ್ಚಳ, ಒಳಗೆ ಒಂದೊಂದು ಗೋಸುಂಬೆ,
ಯೆಮನ್ ದೇಶದ ಜಾತಿಯಂತೆ, ನೆತ್ತಿಯ ಮೇಲೆ ಟೋಪಿ.
'ಮರಿ ಮಾಡ್ಸಿ ಮಾರಿದ್ರೆ, ಅತ್ತಿಗಿ,
ನಿನ್ನ ಹೊಲಿಗೆ ಮಷೀನಿಗೆ ಮೋಟಾರು ಬರ್ತದ' ಅಂದ.
ವಾರ ಕಳೆಯುವುದರೊಳಗೆ ಲಾರಿ ಕೆಲಸ ಹಿಡಿದು
ತೋರಣಗಲ್ಲಿಗೆ ಹೋದ.
ಉಳಿದವಳು ನಾನು.

ಕೌಲ್‌ಬಜಾರಿನ ಒಂದೂವರೆ ಕೋಣೆ,
ಜೀನ್ಸಿನ ರಾಶಿಯ ಪಕ್ಕ ಎರಡು ಬೋನು,
ನಡುವೆ ರಟ್ಟು. ಒಂದನ್ನೊಂದು ಕಂಡರೆ
ಉಬ್ಬುತ್ತವೆ, ಬುಸುಗುಟ್ಟುತ್ತವೆ, ತಿನ್ನುವುದು ಬಿಡುತ್ತವೆ.
ಬಟ್ಟಲಲ್ಲಿಟ್ಟರೆ ಕುಡಿಯುವುದಿಲ್ಲ,
ನಿಂತ ನೀರು ಇವಕ್ಕೆ ನೀರೇ ಅಲ್ಲ.
ದಾಸವಾಳದ ಕುಂಡದ ಮೇಲೆ ಸಲೈನ್ ಬಾಟಲಿ ತೂಗುಹಾಕಿ
ಹನಿ ಹನಿಯಾಗಿ ಎಲೆಗೆ ಇಳಿಸುತ್ತೇನೆ.
ನೆರೆಮನೆಯ ಮಸ್ತಾನ್‌ಬಿ ಇಣುಕಿ ಕೇಳುತ್ತಾಳೆ:
'ಯಾರಿಗವ್ವಾ ಆರಾಮಿಲ್ಲ, ಗಿಡಕ್ಕಾ?'

ಗೋಸುಂಬೆ ಅಂದರೆ ಬೈಗುಳ ನಮ್ಮಲ್ಲಿ,
ಚುನಾವಣೆ ಬಂತೆಂದರೆ ಮೈಕಿಗೆ ಮೈಕು ಅದೇ ಮಾತು.
ನಾನು ಬಿಟ್ಟು ನೋಡಿದೆ. ನೀಲಿ ಪ್ಯಾಂಟಿನ ಮೇಲೆ
ಅದು ನೀಲಿಯಾಗಲಿಲ್ಲ. ಕೆಂಪು ಬಕೆಟ್ಟಿಗೆ ಕೆಂಪಾಗಲಿಲ್ಲ.
ನೀಲಿಯಾಗುವುದು ನನ್ನ ಬೆರಳು,
ಬಣ್ಣದ ಘಟಕದಿಂದ ಬಂದ ಲಾಟು ಮುಟ್ಟಿದ ದಿನ;
ಕರಿ ಆರ್ಡರು ಬಂದರೆ ಕರಿ, ಉಗುರಿನ ಸಂದಿಯ ತನಕ,
ರೊಟ್ಟಿ ತಟ್ಟುವಾಗಲೂ.

ಜೋಡಿ ಕೂಡಿಸಿದ ಮೂರನೇ ದಿನಕ್ಕೆ ಹೆಣ್ಣು ಕಪ್ಪಿಟ್ಟಿತು.
ಕಪ್ಪಿನೊಳಗೆ ಹಳದಿ ಚುಕ್ಕೆ, ನವಿಲುಗರಿಯ ಚುಕ್ಕೆ.
ಗಂಡು ಒಂದು ಹೆಜ್ಜೆ ಮುಂದಿಟ್ಟಿತು,
ಅವಳ ಮೈ ಓದಿತು, ಮೆಲ್ಲಗೆ ಹಿಂದೆ ಸರಿಯಿತು.
ಬೇಡ.
ಮೂತಿಯಿಂದ ಬಾಲದ ತುದಿಯವರೆಗೆ ಅದೊಂದೇ ಬರೆದಿತ್ತು.
ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಿಂಗಳ ಮೇಲೆ ಮಣ್ಣಿನ ಬಕೆಟ್ಟಿಗೆ ಇಳಿದು ಅಗೆಯತೊಡಗಿದಳು.
ಅತ್ತೆ ನೋಡಿದರು, ಬಿಟ್ಟಳು.
ಮಕ್ಕಳು ನೋಡಿದರು, ಮತ್ತೆ ಬಿಟ್ಟಳು.
ಫೋನಿನಲ್ಲಿ ಓಬಳೇಶ: 'ಯಾರೂ ನೋಡಬಾರ್ದು ಅತ್ತಿಗಿ,
ಕಣ್ಣು ಬಿತ್ತಾ, ಮೊಟ್ಟಿ ಹೊಟ್ಟ್ಯಾಗೇ ಉಳಿದು ಸಾಯ್ತದ.'
ರಿಜೆಕ್ಟಾದ ಆರು ಪ್ಯಾಂಟು ಬಿಚ್ಚಿ ಜೋಡಿಸಿ
ಮೂಲೆಗೊಂದು ಪರದೆ ಹೊಲಿದೆ, ಜೋಡು ಹೊಲಿಗೆ,
ಜೇಬುಗಳನ್ನು ಹಾಗೇ ಬಿಟ್ಟು.

ನನ್ನ ಹಿರಿಮಗಳು ಹುಟ್ಟಿದ್ದು ಇದೇ ಮೂಲೆಯಲ್ಲಿ,
ನಸುಕಿನಲ್ಲಿ ಆಟೋ ಸಿಗದೆ.
ಬಾಗಿಲಲ್ಲಿ ಮಾವ, ಕಿಟಕಿಯಲ್ಲಿ ಓಣಿ,
ಯಾರದೋ ಮಗು ಬಿಸ್ಕತ್ತು ತಿನ್ನುತ್ತಾ ನನ್ನ ಕಾಲ ಬಳಿ.
ಸೀರೆ ಅಡ್ಡ ಹಿಡೀರಿ ಅಂದೆ. ಅಂದ ನೆನಪು.
ಕೇಳಿಸಿರಲಿಕ್ಕಿಲ್ಲ.

ಬೆಳಗ್ಗೆ ಮಣ್ಣು ಸಪಾಟು, ತಟ್ಟಿ ಮುಚ್ಚಿದ್ದಾಳೆ.
ತೊಗಲಷ್ಟೇ ಉಳಿದು, ಸಲೈನಿನ ಕೆಳಗೆ ಬಾಯಿ ತೆರೆದು ನಿಂತಿದ್ದಾಳೆ.
ಚಮಚದಲ್ಲಿ ಅಗೆದೆ: ಮೂವತ್ತೊಂದು.
ಮಗ್ಗುಲು ಬದಲಾದರೆ ಒಳಗಿನದು ಸಾಯುವುದಂತೆ,
ಒಂದೊಂದರ ನೆತ್ತಿಗೂ ಟೈಲರ್ ಚಾಕಿನ ಗೀಟು ಹಾಕಿ
ಕುಡಿಯುವ ನೀರಿನ ಮಡಕೆಯ ಬುಡದಲ್ಲಿ ಇಟ್ಟೆ.

ಶ್ರಾವಣದಲ್ಲಿ ಇಟ್ಟದ್ದು. ಯುಗಾದಿಯ ಹೊತ್ತಿಗೆ
ಮೊಟ್ಟೆಗಳು ಬೆವೆತವು.
ಬಳ್ಳಾರಿಯಲ್ಲಿ ಯಾರು ಬೆವರುವುದಿಲ್ಲ, ಅಂದುಕೊಂಡೆ.
ಮರುದಿನ ಒಂದರ ತುದಿ ಸೀಳಿ ಮೂಗು,
ಆಮೇಲೆ ಒಂದು ಕಣ್ಣು ಅತ್ತೆಯ ಕಡೆಗೆ,
ಇನ್ನೊಂದು ನನ್ನ ಕಡೆಗೆ.

ಬದುಕಿದ್ದು ಹತ್ತೊಂಬತ್ತು. ಹದಿನೇಳನ್ನು
ಹೈದರಾಬಾದಿನವನು ಬಂದು ಎಣಿಸಿಕೊಂಡು ಹೋದ.
ಮೋಟಾರು ಬಂತು.
ಪರದೆ ಮಾತ್ರ ಬಿಚ್ಚಿಲ್ಲ.

ಮಧ್ಯಾಹ್ನ ಕರೆಂಟು ಹೋಗಿ ಮಷೀನು ನಿಂತಾಗ
ಅದರ ಹಿಂದೆ ಹೋಗಿ ಕೂರುತ್ತೇನೆ, ಕಾಲು ಚಾಚಿ.
'ಅಲ್ಲೇನ್ ಮಾಡ್ತಿ?' ಅನ್ನುತ್ತಾರೆ ಇವರು ಆಚೆಯಿಂದ.
ಏನೂ ಇಲ್ಲ.
ಪರದೆಯ ಜೇಬಿನಲ್ಲಿ
ನನ್ನ ನೀಲಿ ಕೈ.